ಗುಂಯ್, ಚಿರ್ರ್, ಟಿಕ್: ಕಂಪ್ಯೂಟರಿನಲ್ಲಿ ಹಾಡು ಕೇಳುವಾಗ ಬರುವ ಸದ್ದುಗಳ ಮೂಲ ಹುಡುಕುವುದು

ಸದ್ದು ಸರಿಯಿಲ್ಲ ಅನ್ನಿಸಿದ ಕೂಡಲೇ ಹೊಸ ಡ್ಯಾಕ್ (ಕಂಪ್ಯೂಟರಿನ ಡಿಜಿಟಲ್ ಹಾಡನ್ನು ಆಂಪ್ಲಿಫೈಯರಿಗೆ ಬೇಕಾದ ಅನಲಾಗ್ ಸಿಗ್ನಲ್ ಮಾಡುವ ಸಾಧನ) ಕೊಳ್ಳಬೇಡಿ. ದುಬಾರಿ ವೈರೂ ಬೇಡ. ಮೊದಲು ದೋಷ ಯಾವ ಜಾಗದಲ್ಲಿದೆ ಅಂತ ಗೊತ್ತಾಗಲಿ. ಕೋಲಾರ, ಶ್ರೀನಿವಾಸಪುರ, ಚಿಂತಾಮಣಿ ಕಡೆ ಕಂಪ್ಯೂಟರಿಗೆ ಒಳ್ಳೆಯ ಆಂಪ್ಲಿಫೈಯರ್ ಜೋಡಿಸಿಕೊಂಡು ಹಾಡು ಕೇಳುವ ಗೆಳೆಯರ ಮನೆಗಳಲ್ಲಿ ಇಂಥ ದೋಷಗಳನ್ನು ಹುಡುಕುತ್ತಾ ಬಂದಿದ್ದೇನೆ. ಅದರಿಂದ ಒಂದು ಮಾತನ್ನು ಧೈರ್ಯವಾಗಿ ಹೇಳಬಲ್ಲೆ. ನಮ್ಮ ಕಡೆ ಸ್ಪೀಕರಿನಲ್ಲಿ ಗುಂಯ್ ಅಂದರೆ ಮೊದಲು ನೋಡಬೇಕಾದದ್ದು ಕಂಪ್ಯೂಟರನ್ನಲ್ಲ, ಮನೆಯ ಅರ್ತಿಂಗನ್ನು.

ಹಾಡು ಫೈಲಿನಿಂದ ಕಿವಿಗೆ ಬರುವ ದಾರಿ ಉದ್ದ. ಫೈಲು, ಅದನ್ನು ನುಡಿಸುವ ಪ್ಲೇಯರ್, ವಿಂಡೋಸ್ ಅಥವಾ ಲಿನಕ್ಸ್, ಯುಎಸ್‌ಬಿ ವೈರ್, ಡ್ಯಾಕ್, ಅದನ್ನು ಆಂಪ್ಲಿಫೈಯರಿಗೆ ಸೇರಿಸುವ ಆರ್‌ಸಿಎ ವೈರ್, ಆಂಪ್ಲಿಫೈಯರ್, ಸ್ಪೀಕರ್, ಕೊನೆಗೆ ಕೋಣೆ. ಇವೆಲ್ಲಕ್ಕೂ ಪಕ್ಕದಿಂದ ಕರೆಂಟು ಬರುತ್ತಿರುತ್ತದೆ. ಈ ಸಾಲಿನ ಎಲ್ಲ ಕಡೆ ಒಟ್ಟಿಗೆ ಕೈ ಹಾಕಿದರೆ ಏನೂ ಗೊತ್ತಾಗುವುದಿಲ್ಲ. ಸಾಲನ್ನು ಅರ್ಧ ಮಾಡಿ, ದೋಷ ಯಾವ ಅರ್ಧದಲ್ಲಿದೆ ಅಂತ ನೋಡಿ, ಆ ಅರ್ಧವನ್ನು ಮತ್ತೆ ಅರ್ಧ ಮಾಡಬೇಕು.

ಏನೂ ಖರ್ಚಿಲ್ಲದ ಪರೀಕ್ಷೆಗಳು

ಹಾಡನ್ನು ನಡುವೆ ನಿಲ್ಲಿಸಿ (ಪಾಜ್ ಮಾಡಿ). ಬೇಡದ ಸದ್ದು ಹಾಗೇ ಉಳಿಯಿತಾ? ಉಳಿದರೆ ಅದು ಕರೆಂಟು, ವೈರು, ಆಂಪ್ಲಿಫೈಯರಿಗೆ ಸಂಬಂಧಿಸಿದ್ದು. ಹಾಡು ಓಡುವಾಗ ಮಾತ್ರ ಬಂದರೆ ಫೈಲು ಅಥವಾ ಸಾಫ್ಟ್‌ವೇರ್ ಕಡೆ ಹೋಗಿ. ಈ ಒಂದು ಪ್ರಶ್ನೆಯಲ್ಲೇ ಅರ್ಧ ಕೆಲಸ ಮುಗಿಯುತ್ತದೆ.

ಸದ್ದು ಉಳಿಯಿತು ಅಂದುಕೊಳ್ಳಿ. ಈಗ ಆಂಪ್ಲಿಫೈಯರಿನ ವಾಲ್ಯೂಮ್ ತಿರುಗಿಸಿ. ಪೂರ್ತಿ ಸೊನ್ನೆಗೆ ತಂದರೂ ಗುಂಯ್ ಅಷ್ಟೇ ಇದ್ದರೆ ದೋಷ ವಾಲ್ಯೂಮಿನ ನಂತರ ಇದೆ, ಅಂದರೆ ಆಂಪ್ಲಿಫೈಯರಿನ ಒಳಗೇ. ವಾಲ್ಯೂಮ್ ಜೊತೆಗೆ ಏರಿ ಇಳಿದರೆ ಅದು ಹಿಂದಿನಿಂದ ಬರುತ್ತಿದೆ. ಆಗ ಆಂಪ್ಲಿಫೈಯರ್ ಆಫ್ ಮಾಡಿ, ಹಿಂದಿನ ಆರ್‌ಸಿಎ ವೈರ್ ಬಿಚ್ಚಿ, ಮತ್ತೆ ಆನ್ ಮಾಡಿ. ಸದ್ದು ನಿಂತರೆ ಅದನ್ನು ತರುತ್ತಿರುವುದು ಆ ವೈರೇ. ಆನ್ ಇದ್ದಾಗ ಬಿಚ್ಚಿದರೆ ಸ್ಪೀಕರಿಗೆ ದೊಡ್ಡ ಪೆಟ್ಟು ಬೀಳುತ್ತದೆ. ಅದನ್ನು ಮಾತ್ರ ಮಾಡಬೇಡಿ.

ಒಂದೇ ಬದಿಯ ಸ್ಪೀಕರಿನಲ್ಲಿ ತೊಂದರೆ ಇದ್ದರೆ ಎಡ ಬಲ ಅದಲು ಬದಲು ಮಾಡಿ. ಒಂದು ಸಲಕ್ಕೆ ಒಂದೇ ಜಾಗದಲ್ಲಿ. ಡ್ಯಾಕಿನ ಹಿಂದೆ ಎರಡು ಆರ್‌ಸಿಎ ಪಿನ್ ಬದಲಿಸಿದಾಗ ದೋಷ ಆ ಬದಿಯಿಂದ ಈ ಬದಿಗೆ ಹೋಯಿತು ಅಂದರೆ ಡ್ಯಾಕ್ ಅಥವಾ ಅದರ ಹಿಂದಿನದು ಕಾರಣ. ಹೋಗದೆ ಅಲ್ಲೇ ನಿಂತರೆ ವೈರ್, ಆಂಪ್ಲಿಫೈಯರ್ ಅಥವಾ ಸ್ಪೀಕರ್ ಕಾರಣ. ಆಮೇಲೆ ವೈರಿನ ಇನ್ನೊಂದು ತುದಿಯಲ್ಲಿ, ಆಮೇಲೆ ಸ್ಪೀಕರಿನ ಹತ್ತಿರ ಹೀಗೇ ಬದಲಿಸುತ್ತಾ ಹೋಗಿ. ಯಾವ ಮೀಟರೂ ಬೇಡ, ಉತ್ತರ ತಪ್ಪದೆ ಸಿಗುತ್ತದೆ.

ದೋಷಕ್ಕೂ ಒಂದು ಶ್ರುತಿ ಇದೆ

ನಮ್ಮ ಕರೆಂಟು 230 ವೋಲ್ಟ್, 50 ಹರ್ಟ್ಸ್. ಆದ್ದರಿಂದ ಕರೆಂಟಿನಿಂದ ಬರುವ ಗುಂಯ್ ಯಾವಾಗಲೂ 50 ಹರ್ಟ್ಸ್ ಅಥವಾ ಅದರ ಗುಣಕಗಳಲ್ಲೇ ಇರುತ್ತದೆ. ಸಂಗೀತ ಬಲ್ಲವರಿಗೆ ಇದನ್ನು ಗುರುತಿಸುವುದು ಸುಲಭ. ಐದು ಮನೆ ಶ್ರುತಿಗೆ ತಂಬೂರಿ ಆ್ಯಪ್ ಇಟ್ಟು ಕೇಳಿ. ಸ್ಪೀಕರಿನ ಗುಂಯ್ ಅದಕ್ಕಿಂತ ಸ್ವಲ್ಪ ಮೇಲೆ, ಕೆಳಗಿನ ಸ್ಥಾಯಿಯಲ್ಲಿ ನಿಂತಿರುತ್ತದೆ. ಹೀಗೆ ಕೂತರೆ ಅದು ಕರೆಂಟಿನದೇ. ಬೇರೆ ಶ್ರುತಿಯಲ್ಲಿದ್ದರೆ ಕರೆಂಟನ್ನು ಬಿಟ್ಟು ಬೇರೆ ಕಡೆ ಹುಡುಕಿ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಫೋನಿನಲ್ಲಿ ಸ್ಪೆಕ್ಟ್ರಮ್, ಅಂದರೆ ಸದ್ದಿನಲ್ಲಿ ಎಷ್ಟೆಷ್ಟು ಹರ್ಟ್ಸ್ ಇದೆ ಅಂತ ಗೆರೆಗಳಲ್ಲಿ ತೋರಿಸುವ ಆ್ಯಪ್ ಹಾಕಿಕೊಂಡು ಸ್ಪೀಕರಿನ ಹತ್ತಿರ ಹಿಡಿಯಿರಿ. 50, 150, 250ರಲ್ಲಿ ಗೆರೆ ಎದ್ದರೆ ಅರ್ತಿಂಗ್ ಅಥವಾ ವೈರಿನ ಶೀಲ್ಡ್ (ಒಳತಂತಿಯ ಸುತ್ತ ಇರುವ ಲೋಹದ ಹೊದಿಕೆ) ಮೇಲೆ ಅನುಮಾನಪಡಿ. ಬರೀ 100, 200, 300ರಲ್ಲಿ ಎದ್ದರೆ ಆಂಪ್ಲಿಫೈಯರಿನ ಪವರ್ ಸಪ್ಲೈ ಕಡೆ ನೋಡಿ. ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ 50ನ್ನು 100 ಮಾಡುತ್ತದೆ. ಅದನ್ನು ಸಪಾಟು ಮಾಡಬೇಕಾದ ದೊಡ್ಡ ಕೆಪಾಸಿಟರ್‌ಗಳು ಹಳತಾಗಿ ಒಣಗಿದ್ದರೆ ಆ 100 ಹರ್ಟ್ಸ್ ಹಾಡಿನೊಳಗೆ ನುಗ್ಗುತ್ತದೆ. ಹಳೆಯ ಆಂಪ್ಲಿಫೈಯರುಗಳಲ್ಲಿ ಇದು ತೀರಾ ಸಾಮಾನ್ಯ. ರಿಪೇರಿ ಅಂಗಡಿಗೆ ಕೊಡುವಾಗ ಸುಮ್ನೆ ‘ಸದ್ದು ಬರುತ್ತದೆ’ ಅನ್ನಬೇಡಿ. ‘ವಾಲ್ಯೂಮ್ ಸೊನ್ನೆಯಲ್ಲೂ ಗುಂಯ್ ಇದೆ, ಫಿಲ್ಟರ್ ಕೆಪಾಸಿಟರ್ ನೋಡಿ’ ಅನ್ನಿ. ನಿಮ್ಮ ದುಡ್ಡೂ ಅವರ ಹೊತ್ತೂ ಉಳಿಯುತ್ತದೆ. ಮನೆಯಲ್ಲಿ ನೀವೇ ಬಿಚ್ಚಲು ಹೋಗಬೇಡಿ. ಪ್ಲಗ್ ಕಿತ್ತ ಮೇಲೂ ಆ ಕೆಪಾಸಿಟರುಗಳಲ್ಲಿ ಕರೆಂಟು ಉಳಿದಿರುತ್ತದೆ.

ಒಣ ನೆಲ, ಒಣ ಅರ್ತಿಂಗ್

ಈಗ ಮುಖ್ಯ ವಿಷಯ. ಡೆಸ್ಕ್‌ಟಾಪ್ ಕಂಪ್ಯೂಟರಿನ ಕ್ಯಾಬಿನೆಟ್ಟನ್ನು ಬರಿಗಾಲಲ್ಲಿ ನಿಂತು ಮುಟ್ಟಿದಾಗ ಜುಮ್ ಅನ್ನುತ್ತದಾ? ಲ್ಯಾಪ್‌ಟಾಪ್ ಚಾರ್ಜಿಗೆ ಹಾಕಿದಾಗ ಲೋಹದ ಮೈ ಮೇಲೆ ಬೆರಳು ಎಳೆದರೆ ತರಿತರಿ ಅನ್ನಿಸುತ್ತದಾ? ಹಾಗಿದ್ದರೆ ನಿಮ್ಮ ಗುಂಯ್ ಬರುತ್ತಿರುವ ದಾರಿ ಬಹುತೇಕ ಸಿಕ್ಕಿತು.

ಕಾರಣ ಹೀಗಿದೆ. ಕಂಪ್ಯೂಟರಿನ ಎಸ್‌ಎಂಪಿಎಸ್ (ಪವರ್ ಸಪ್ಲೈ ಪೆಟ್ಟಿಗೆ) ಒಳಗೆ ಕರೆಂಟು ಬರುವ ಜಾಗದಲ್ಲೇ ಎರಡು ಸಣ್ಣ ಕೆಪಾಸಿಟರುಗಳಿರುತ್ತವೆ. ಒಂದು ಫೇಸ್‌ನಿಂದ ಕ್ಯಾಬಿನೆಟ್ಟಿಗೆ, ಇನ್ನೊಂದು ನ್ಯೂಟ್ರಲ್‌ನಿಂದ ಕ್ಯಾಬಿನೆಟ್ಟಿಗೆ. ಒಳಗಿನ ಗಲಾಟೆಯನ್ನು ಅರ್ತ್ ಮೂಲಕ ನೆಲಕ್ಕೆ ಕಳಿಸುವುದು ಅವುಗಳ ಕೆಲಸ. ಅರ್ತ್ ಚೆನ್ನಾಗಿದ್ದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಅರ್ತ್ ಕಡಿದಿದ್ದರೆ ಕ್ಯಾಬಿನೆಟ್ ಫೇಸಿಗೂ ನ್ಯೂಟ್ರಲಿಗೂ ನಡುವೆ ತೂಗುತ್ತಾ ಸುಮಾರು 115 ವೋಲ್ಟಿಗೆ ಹೋಗಿ ನಿಲ್ಲುತ್ತದೆ. ಕರೆಂಟಿನ ಪ್ರಮಾಣ ತೀರಾ ಕಡಿಮೆ, ಅದಕ್ಕೇ ಜುಮ್ ಅಂದು ಬಿಡುತ್ತದೆ. ಆದರೆ ಆ ಚೂರು ಕರೆಂಟಿಗೂ ಎಲ್ಲಾದರೂ ಹರಿಯಬೇಕು ಅಲ್ವಾ? ನೆಲಕ್ಕೆ ದಾರಿ ಇಲ್ಲದಿದ್ದರೆ ಅದು ಆರ್‌ಸಿಎ ವೈರಿನ ಹೊರಗಿನ ಶೀಲ್ಡ್ ಹಿಡಿದು ಆಂಪ್ಲಿಫೈಯರಿಗೆ ಹೋಗುತ್ತದೆ. ಹಾಡಿನ ವೋಲ್ಟೇಜನ್ನು ಆಂಪ್ಲಿಫೈಯರ್ ಅಳೆಯುವುದು ಅದೇ ಶೀಲ್ಡಿಗೆ ಹೋಲಿಸಿ. ಹಾಗಾಗಿ ಹಾಡಿನ ಜೊತೆಗೆ 50 ಹರ್ಟ್ಸ್ ಕೂಡ ದೊಡ್ಡದಾಗಿ ಹೊರಬರುತ್ತದೆ.

ನಮ್ಮ ಕೋಲಾರ ಜಿಲ್ಲೆಯಲ್ಲಿ ಇದು ಜಾಸ್ತಿ ಯಾಕೆ? ವರ್ಷವಿಡೀ ಹರಿಯುವ ನದಿ ಇಲ್ಲ. ಮಣ್ಣು ಒಣ ಕೆಂಪು ಮಣ್ಣು, ಎಷ್ಟೋ ಕಡೆ ಸ್ವಲ್ಪ ತೋಡಿದರೆ ಬಂಡೆ. ಅರ್ತ್ ಗುಂಡಿಗೆ ಪೈಪ್ ಇಳಿಸಿ ಸುತ್ತ ಇದ್ದಿಲು, ಉಪ್ಪು ತುಂಬಿರುತ್ತಾರೆ. ಅದು ಕೆಲಸ ಮಾಡುವುದು ಒದ್ದೆ ಇದ್ದಾಗ. ಫೆಬ್ರುವರಿ ಕಳೆದು ಬಿಸಿಲು ಏರುತ್ತಿದ್ದ ಹಾಗೆ ಗುಂಡಿ ಒಣಗುತ್ತದೆ, ಅರ್ತಿಂಗಿನ ರೆಸಿಸ್ಟೆನ್ಸ್ ಏರುತ್ತದೆ. ಮಳೆಗಾಲದಲ್ಲಿ ಇಲ್ಲದ ಗುಂಯ್ ಏಪ್ರಿಲ್‌ನಲ್ಲಿ ಬಂದರೆ ಬೇರೆ ಸಾಕ್ಷಿ ಬೇಕಿಲ್ಲ. ಗುಂಡಿಯ ಮೇಲೆ ನೀರು ಹೊಯ್ಯಲೆಂದೇ ಒಂದು ಕೊಳವೆ ಬಿಟ್ಟಿರುತ್ತಾರೆ. ಒಂದೆರಡು ಬಿಂದಿಗೆ ನೀರು ಹೊಯ್ದು ಸ್ವಲ್ಪ ಹೊತ್ತು ಬಿಟ್ಟು ಕೇಳಿ. ಸದ್ದು ತಗ್ಗಿದರೆ ಬೇಸಿಗೆ ಮುಗಿಯುವ ತನಕ ಆಗಾಗ ನೀರು ಹಾಕುತ್ತಿರಿ. ಆಮೇಲೆ ವೈರ್‌ಮನ್ ಕರೆಸಿ ಗುಂಡಿಯನ್ನು ಹೊಸದಾಗಿ ತುಂಬಿಸಿ.

ಎಷ್ಟೋ ಮನೆಗಳಲ್ಲಿ ಗುಂಡಿಯೇ ಇರುವುದಿಲ್ಲ. ಮುಳಬಾಗಿಲಿನ ಒಬ್ಬ ಮೇಷ್ಟ್ರ ಮನೆಯಲ್ಲಿ ಡ್ಯಾಕ್ ಬದಲಿಸಿದ್ದರು, ವೈರ್ ಬದಲಿಸಿದ್ದರು, ಗುಂಯ್ ಹಾಗೇ ಇತ್ತು. ವೈರಿಂಗ್ ಮಾಡಿದವರನ್ನೇ ಕರೆಸಿ, ‘ಅಣ್ಣ, ಅರ್ತ್ ಎಲ್ಲಿಗೆ ಹೋಗಿದೆ?’ ಅಂತ ಕೇಳಿದೆ. ‘ನೀರಿನ ಪೈಪಿಗೆ ಕಟ್ಟಿದ್ದೀನಿ ಸಾರ್’ ಅಂದರು. ಕಟ್ಟಿದ್ದು ನಿಜ. ಆಗ ಅದು ಕಬ್ಬಿಣದ ಪೈಪ್. ಆಮೇಲೆ ಮೇಷ್ಟ್ರು ಮನೆಯ ಹೊರಗಿನ ಪೈಪನ್ನೆಲ್ಲ ಪಿವಿಸಿ ಮಾಡಿಸಿದ್ದರು. ಅಲ್ಲಿಗೆ ಇಡೀ ಮನೆಗೆ ಅರ್ತಿಂಗ್ ಇಲ್ಲದಂತಾಗಿತ್ತು. ಹಾಡಿನ ಗುಂಯ್ ಅಂತ ಹುಡುಕಿಕೊಂಡು ಹೋಗಿ, ಫ್ರಿಜ್, ಗೀಸರ್, ವಾಷಿಂಗ್ ಮಷೀನ್ ಎಲ್ಲಕ್ಕೂ ಇದ್ದ ಅಪಾಯ ಕಣ್ಣಿಗೆ ಬಿತ್ತು. ಅವತ್ತಿನಿಂದ ನಾನು ಯಾರ ಮನೆಗೆ ಹೋದರೂ ಈ ಪ್ರಶ್ನೆಯನ್ನು ಮೊದಲು ಕೇಳುತ್ತೇನೆ. 1902ರಲ್ಲೇ ಶಿವನಸಮುದ್ರದಿಂದ ಕೆಜಿಎಫ್ ಗಣಿಗೆ ಕರೆಂಟು ಬಂದ ಜಿಲ್ಲೆ ನಮ್ಮದು. ಮನೆ ಕಟ್ಟುವಾಗ ಟೈಲ್ಸ್ ಬಣ್ಣಕ್ಕೆ ಕೊಡುವ ಗಮನದಲ್ಲಿ ಸ್ವಲ್ಪವನ್ನು ಅರ್ತ್ ಗುಂಡಿಗೂ ಕೊಡಬೇಕು.

ಮಲ್ಟಿಮೀಟರ್ ಬಳಸಿ ಅಭ್ಯಾಸ ಇದ್ದರೆ ಸಾಕೆಟ್ಟಿನಲ್ಲಿ ಅಳೆಯಿರಿ. ಫೇಸ್–ನ್ಯೂಟ್ರಲ್ ಸುಮಾರು 230 ಇರಬೇಕು. ಫೇಸ್–ಅರ್ತ್ ಕೂಡ ಅದರ ಹತ್ತಿರವೇ ಇರಬೇಕು. ನ್ಯೂಟ್ರಲ್–ಅರ್ತ್ ಎರಡು ಮೂರು ವೋಲ್ಟಿನೊಳಗೆ ಇದ್ದರೆ ಒಳ್ಳೆಯದು. ಹತ್ತಾರು ವೋಲ್ಟ್ ತೋರಿಸಿದರೆ ಅರ್ತ್ ಕಡಿದಿದೆ ಅಥವಾ ನ್ಯೂಟ್ರಲಿನಲ್ಲಿ ತೊಂದರೆ ಇದೆ. ಇಲ್ಲೊಂದು ಎಚ್ಚರ ಬೇಕು. ಮೀಟರ್ ಎಳೆಯುವ ಕರೆಂಟು ತೀರಾ ಕಡಿಮೆ. ಅರ್ತ್ ಅರ್ಧಂಬರ್ಧ ಕೆಟ್ಟಿದ್ದರೂ ಅದು 230 ತೋರಿಸಿಬಿಡಬಹುದು. ಖಚಿತ ಆಗಬೇಕು ಅಂದರೆ ವೈರ್‌ಮನ್ ಹತ್ತಿರ ಅರ್ತ್ ಟೆಸ್ಟರ್ ತರಿಸಿ ಅಳೆಸಿ. ಅಭ್ಯಾಸ ಇಲ್ಲದವರು ಸಾಕೆಟ್ಟಿಗೆ ಮೀಟರಿನ ಕಡ್ಡಿ ಹಾಕಲೇಬೇಡಿ.

ತ್ರೀ ಪಿನ್ ಪ್ಲಗ್ಗಿನ ಮೇಲಿನ ದಪ್ಪ ಪಿನ್ ತೆಗೆದುಬಿಟ್ಟರೆ ಗುಂಯ್ ನಿಲ್ಲುತ್ತದೆ ಅಂತ ಸಲಹೆ ಕೊಡುವವರಿದ್ದಾರೆ. ಕೆಲವು ಸಲ ನಿಲ್ಲುತ್ತದೆ ಕೂಡ. ಆದರೂ ಮಾಡಬೇಡಿ. ಒಳಗೆ ಯಾವತ್ತಾದರೂ ಫೇಸ್ ವೈರ್ ಮೈಗೆ ತಾಗಿದರೆ ಕ್ಯಾಬಿನೆಟ್ಟಿಗೆ ಪೂರ್ತಿ 230 ವೋಲ್ಟ್ ಬರುತ್ತದೆ. ಅದನ್ನು ತಡೆಯುವುದು ಆ ಪಿನ್ ಮಾತ್ರ. ಹಾಡಿಗೋಸ್ಕರ ಜೀವ ಪಣಕ್ಕಿಡುವ ಅಗತ್ಯ ಇಲ್ಲ, ಬೇರೆ ದಾರಿಗಳಿವೆ.

ಅರ್ತಿಂಗ್ ಚೆನ್ನಾಗಿದ್ದರೂ ಗುಂಯ್ ಬಂದರೆ

ಕಂಪ್ಯೂಟರ್ ಒಂದು ಗೋಡೆಯ ಸಾಕೆಟ್ಟಿಗೆ, ಆಂಪ್ಲಿಫೈಯರ್ ಇನ್ನೊಂದು ಗೋಡೆಯ ಸಾಕೆಟ್ಟಿಗೆ ಹಾಕಿದ್ದೀರಿ. ಎರಡಕ್ಕೂ ಅರ್ತ್ ಇದೆ. ಮಧ್ಯೆ ಆರ್‌ಸಿಎ ವೈರ್. ಈಗ ಅರ್ತ್ ವೈರು ಮತ್ತು ಆರ್‌ಸಿಎ ಶೀಲ್ಡ್ ಸೇರಿ ಒಂದು ದೊಡ್ಡ ಸುತ್ತು ಆಯಿತು. ಎರಡು ಸಾಕೆಟ್ಟುಗಳ ಅರ್ತ್ ನಡುವೆ ಚೂರು ವ್ಯತ್ಯಾಸ ಇದ್ದರೂ ಆ ಸುತ್ತಿನಲ್ಲಿ ಕರೆಂಟು ಹರಿಯುತ್ತದೆ. ಇದನ್ನೇ ಗ್ರೌಂಡ್ ಲೂಪ್ ಅನ್ನುತ್ತಾರೆ. ಪರಿಹಾರ ಸರಳ. ಎರಡನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿ. ಬಹಳಷ್ಟು ಸಲ ಇಷ್ಟಕ್ಕೇ ಹೋಗುತ್ತದೆ. ಟಿ.ವಿ. ಕೂಡ ಅದೇ ಆಂಪ್ಲಿಫೈಯರಿಗೆ ಸೇರಿದ್ದರೆ ಕೇಬಲ್ ಅಥವಾ ಡಿಶ್ ವೈರನ್ನು ಸೆಟ್‌ಟಾಪ್ ಬಾಕ್ಸಿನಿಂದ ಬಿಚ್ಚಿ ನೋಡಿ. ಆ ವೈರಿನ ಶೀಲ್ಡ್ ಹೊರಗಿನಿಂದ ಬೇರೆಯೇ ಅರ್ತನ್ನು ಮನೆಗೆ ತರುತ್ತದೆ.

ಲ್ಯಾಪ್‌ಟಾಪ್ ಇದ್ದವರಿಗೆ ಇನ್ನೂ ಸುಲಭ. ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಹಾಡಿಸಿ. ಗುಂಯ್ ನಿಂತರೆ ಕಾರಣ ಚಾರ್ಜರಿನ ದಾರಿಯಲ್ಲಿದೆ.

ಇದಕ್ಕೆಲ್ಲ ಬಗ್ಗದಿದ್ದರೆ ವಿದ್ಯುತ್ ಸಂಪರ್ಕವನ್ನೇ ಕಡಿಯಬೇಕು. ಅದಕ್ಕೆ ನಾನು ಮೊದಲು ಹೇಳುವುದು ಆಪ್ಟಿಕಲ್ ವೈರ್. ಅದರಲ್ಲಿ ಹೋಗುವುದು ಬೆಳಕು ಮಾತ್ರ, ತಾಮ್ರವೇ ಇಲ್ಲ. ಹಾಗಾಗಿ ಲೂಪ್ ಆಗಲು ಸಾಧ್ಯವೇ ಇಲ್ಲ. ಅನೇಕ ಡೆಸ್ಕ್‌ಟಾಪ್ ಮದರ್‌ಬೋರ್ಡುಗಳ ಹಿಂದೆ ಚೌಕಾಕಾರದ ಆಪ್ಟಿಕಲ್ ಕಿಂಡಿ ಇರುತ್ತದೆ, ಯಾರೂ ಅದನ್ನು ನೋಡಿಯೇ ಇರುವುದಿಲ್ಲ. ನಿಮ್ಮ ಡ್ಯಾಕಿನಲ್ಲೂ ಆ ಕಿಂಡಿ ಇದ್ದರೆ ಬೇರೆ ಯೋಚನೆ ಬೇಡ. ಇಲ್ಲದಿದ್ದರೆ ಆರ್‌ಸಿಎ ವೈರಿನ ಮಧ್ಯೆ ಹಾಕುವ ಟ್ರಾನ್ಸ್‌ಫಾರ್ಮರ್ ಐಸೊಲೇಟರ್ ಸಿಗುತ್ತದೆ. ಅಗ್ಗದವು ಗುಂಯ್ ನಿಲ್ಲಿಸುತ್ತವೆ, ಆದರೆ ಮೃದಂಗದ ಎಡಗಡೆಯ ತೊಪ್ಪಿಯ ನಾದವನ್ನೂ ತೆಳ್ಳಗೆ ಮಾಡುತ್ತವೆ. ಒಳಗಿನ ಚಿಕ್ಕ ಕೋರ್ ಕೆಳಸ್ತರದ ಸದ್ದನ್ನು ತಡೆದುಕೊಳ್ಳುವುದಿಲ್ಲ. ಲಯವಾದ್ಯ ಪ್ರೀತಿಸುವವರಿಗೆ ಅದನ್ನು ನಾನು ಹೇಳುವುದಿಲ್ಲ.

ಕರೆಂಟಿನದೇ ಆದ ಇನ್ನು ಕೆಲವು ಸದ್ದುಗಳಿವೆ. ಕರೆಂಟು ಹೋಗಿ ಯುಪಿಎಸ್ ಬಂದಾಗ ಮಾತ್ರ ಕರ್ರ್ ಅಂದರೆ ಅದು ಸ್ಕ್ವೇರ್ ವೇವ್ ಇನ್ವರ್ಟರ್. ಆಂಪ್ಲಿಫೈಯರಿನ ಟ್ರಾನ್ಸ್‌ಫಾರ್ಮರಿಗೆ ಆ ಕರೆಂಟು ಒಗ್ಗುವುದಿಲ್ಲ. ಸೈನ್ ವೇವ್ ಇನ್ವರ್ಟರ್ ಒಂದೇ ಪರಿಹಾರ. ಫ್ಯಾನ್ ನಿಧಾನ ಮಾಡಿದಾಗ ಬರುವ ಸದ್ದು ರೆಗ್ಯುಲೇಟರಿನದು. ಮೆಲ್ಲಗೆ ತಿರುಗುವ ಎಲೆಕ್ಟ್ರಾನಿಕ್ ನಾಬ್ ತೆಗೆದು ಟಕ್ ಟಕ್ ಅಂತ ಹಂತ ಹಂತವಾಗಿ ತಿರುಗುವ ಕೆಪಾಸಿಟರ್ ರೆಗ್ಯುಲೇಟರ್ ಹಾಕಿಸಿ. ತೋಟದ ಮನೆಗಳಲ್ಲಿ ತ್ರೀ ಫೇಸ್ ಬಂದು ಬೋರ್‌ವೆಲ್ ಮೋಟಾರ್ ಸ್ಟಾರ್ಟ್ ಆದಾಗ ಪಟ್ ಅನ್ನುವುದು ಸಹಜ, ಶಿಡ್ಲಘಟ್ಟದಲ್ಲಿ ಪಕ್ಕದ ರೇಷ್ಮೆ ನೂಲು ಬಿಚ್ಚುವ ಮಷೀನಿನ ಮೋಟಾರಿನಿಂದಲೂ ಬರಬಹುದು. ಒಳ್ಳೆಯ ಸರ್ಜ್ ಫಿಲ್ಟರ್ ಇರುವ ಬೋರ್ಡ್ ಇದನ್ನು ತಗ್ಗಿಸುತ್ತದೆ, ಪೂರ್ತಿ ನಿಲ್ಲಿಸುವುದಿಲ್ಲ.

ಮೌಸ್ ಅಲ್ಲಾಡಿಸಿದರೆ ಚಿರ್ರ್

ಇದು ಮಾತ್ರ ಕಂಪ್ಯೂಟರಿನ ಒಳಗಿನದೇ. ಮೌಸ್ ಓಡಿಸಿದಾಗ, ಪುಟ ಜಾರಿಸಿದಾಗ, ಹಾರ್ಡ್ ಡಿಸ್ಕ್ ಓಡಿದಾಗ ಸ್ಪೀಕರಿನಲ್ಲಿ ಕೀಟದ ಹಾಗೆ ಚಿರ್ರ್ ಅನ್ನುತ್ತದೆ. ಪ್ರೊಸೆಸರ್ ಕ್ಷಣಕ್ಷಣಕ್ಕೂ ಕರೆಂಟು ಎಳೆಯುವುದು ಏರಿಳಿಯುತ್ತದೆ. ಆ ಏರಿಳಿತ ಮದರ್‌ಬೋರ್ಡಿನ ಸೌಂಡ್ ಚಿಪ್ಪಿನ ಗ್ರೌಂಡಿಗೂ ಸೇರುತ್ತದೆ.

ಕ್ಯಾಬಿನೆಟ್ಟಿನ ಮುಂದಿನ ಕಿಂಡಿಗೆ ಹಾಕಿದ್ದರೆ ಮೊದಲು ಹಿಂದಿನದಕ್ಕೆ ಬದಲಿಸಿ. ಮುಂದಿನ ಕಿಂಡಿಗೆ ಹೋಗುವ ಒಳಗಿನ ವೈರ್ ಫ್ಯಾನು, ಗ್ರಾಫಿಕ್ಸ್ ಕಾರ್ಡ್ ಪಕ್ಕದಲ್ಲೇ ಸಾಗುತ್ತದೆ. ಆಮೇಲೆ ವಿಂಡೋಸಿನ ಸೌಂಡ್ ಸೆಟ್ಟಿಂಗಿನಲ್ಲಿ ಮೈಕ್, ಲೈನ್ ಇನ್ ಎರಡನ್ನೂ ಸ್ಪೀಕರಿಗೆ ಕೇಳಿಸದಂತೆ ಮ್ಯೂಟ್ ಮಾಡಿ. ಅವು ಖಾಲಿ ಇದ್ದರೂ ಗಾಳಿಯಲ್ಲಿನ ಗಲಾಟೆ ಹಿಡಿದು ಒಳಗೆ ತರುತ್ತವೆ. ಇಷ್ಟಾದರೂ ಉಳಿದರೆ ಆಗ ಹೊರಗಿನ ಯುಎಸ್‌ಬಿ ಡ್ಯಾಕ್ ಕೊಳ್ಳುವುದರಲ್ಲಿ ಅರ್ಥ ಇದೆ. ಡ್ಯಾಕ್ ಇದ್ದೂ ಚಿರ್ರ್ ಬಂದರೆ ಅದು ಯುಎಸ್‌ಬಿಯ ಗ್ರೌಂಡ್ ಹಿಡಿದು ಬರುತ್ತಿದೆ. ಹಬ್ ತೆಗೆದು ನೇರವಾಗಿ ಹಿಂದಿನ ಕಿಂಡಿಗೆ ಹಾಕಿ, ಬೇರೆ ಬೇರೆ ಕಿಂಡಿಗಳನ್ನು ಪರೀಕ್ಷಿಸಿ. ಬಗ್ಗದಿದ್ದರೆ ಮತ್ತೆ ಆಪ್ಟಿಕಲ್ಲೇ ಗತಿ.

ಸುಯ್ ಅನ್ನುವ ಸಣ್ಣ ಹಿಸ್ ಬೇರೆ ವಿಷಯ. ಕಂಪ್ಯೂಟರ್ ವಾಲ್ಯೂಮ್ 20ರಲ್ಲಿಟ್ಟು ಆಂಪ್ಲಿಫೈಯರನ್ನು ಪೂರ್ತಿ ಏರಿಸಿದ್ದರೆ ಹಿಸ್ ಬಂದೇ ಬರುತ್ತದೆ. ಕಂಪ್ಯೂಟರಿನಲ್ಲಿ ಜಾಸ್ತಿ, ಆಂಪ್ಲಿಫೈಯರಿನಲ್ಲಿ ಕಡಿಮೆ ಇಡಿ.

ಟಿಕ್ ಟಿಕ್, ನಡುವೆ ತಡವರಿಕೆ

ಮೊದಲ ಪ್ರಶ್ನೆ: ಟಿಕ್ ಪ್ರತಿ ಸಲ ಹಾಡಿನ ಅದೇ ಜಾಗದಲ್ಲಿ ಬರುತ್ತದಾ? ಬಂದರೆ ಫೈಲೇ ಕೆಟ್ಟಿದೆ. ಗೀರು ಬಿದ್ದ ಸಿ.ಡಿ.ಯಿಂದ ಇಳಿಸಿಕೊಂಡಾಗ ಹೀಗಾಗುತ್ತದೆ. ಸಿ.ಡಿ.ಯನ್ನು ಒರೆಸಿ, ಎಕ್ಸಾಕ್ಟ್ ಆಡಿಯೊ ಕಾಪಿಯಂಥ ಸಾಫ್ಟ್‌ವೇರಿನಲ್ಲಿ ಮತ್ತೆ ಇಳಿಸಿ. ಅದು ಅನುಮಾನ ಬಂದ ಜಾಗವನ್ನು ಮತ್ತೆ ಮತ್ತೆ ಓದಿ ತಾಳೆ ನೋಡುತ್ತದೆ. ಫ್ಲಾಕ್ ಫೈಲಿನಲ್ಲಿ (ಸದ್ದನ್ನು ಏನೂ ಕಳೆಯದೆ ಚಿಕ್ಕದು ಮಾಡಿಡುವ ಬಗೆ) ಇನ್ನೊಂದು ಅನುಕೂಲ ಇದೆ. ಮೂಲ ಸದ್ದಿನ ಚೆಕ್‌ಸಮ್, ಅಂದರೆ ತಾಳೆ ನೋಡುವ ಸಂಖ್ಯೆ, ಅದರೊಳಗೇ ಬರೆದಿರುತ್ತದೆ. ಪರೀಕ್ಷೆ ಮಾಡಿಸಿದರೆ ಫೈಲು ಮಾಡಿದ ಮೇಲೆ ಕೆಟ್ಟಿದೆಯಾ ಇಲ್ಲವಾ ಅಂತ ಕ್ಷಣದಲ್ಲಿ ಗೊತ್ತಾಗುತ್ತದೆ.

ಟಿಕ್ ಎಲ್ಲೆಂದರಲ್ಲಿ ಬಂದರೆ ಕಂಪ್ಯೂಟರ್ ಹೊತ್ತಿಗೆ ಸರಿಯಾಗಿ ಡೇಟಾ ಕೊಡುತ್ತಿಲ್ಲ. ಸಿ.ಡಿ. ಗುಣಮಟ್ಟದ ಹಾಡಿಗೆ ಸೆಕೆಂಡಿಗೆ 44,100 ಸ್ಯಾಂಪಲ್ (ಸದ್ದಿನ ಅಳತೆಗಳು) ಬೇಕು, ಒಂದೊಂದು ಚಾನೆಲ್ಲಿಗೂ. ಕಂಪ್ಯೂಟರ್ ಇದನ್ನು ಮೊದಲೇ ಒಂದಿಷ್ಟು ಬಫರಿನಲ್ಲಿ ತುಂಬಿಟ್ಟುಕೊಳ್ಳುತ್ತದೆ. ಮನೆ ಮೇಲಿನ ನೀರಿನ ಟ್ಯಾಂಕ್ ಇದ್ದ ಹಾಗೆ: ಮೋಟಾರ್ ನಿಂತರೂ ನಲ್ಲಿ ಸ್ವಲ್ಪ ಹೊತ್ತು ಓಡುತ್ತದೆ, ಟ್ಯಾಂಕ್ ಚಿಕ್ಕದಾದರೆ ಬೇಗ ಬರಿದಾಗುತ್ತದೆ. ಬಫರ್ ಬರಿದಾದ ಕ್ಷಣವೇ ಟಿಕ್. ಹಾಡು ಕೇಳಲು ಮಾತ್ರ ಬಳಸುವವರು ಪ್ಲೇಯರಿನಲ್ಲಿ ಬಫರ್ ದೊಡ್ಡದಾಗಿ ಇಡಿ. ಪ್ಲೇ ಒತ್ತಿದ ಮೇಲೆ ಚೂರು ತಡ ಆಗುತ್ತದೆ, ಅದರಿಂದ ತೊಂದರೆ ಇಲ್ಲ.

ಬಫರ್ ಏರಿಸಿದರೂ ನಿಲ್ಲದಿದ್ದರೆ ಯಾವುದೋ ಡ್ರೈವರ್ (ಕಂಪ್ಯೂಟರಿನ ಒಂದೊಂದು ಭಾಗವನ್ನು ನಡೆಸುವ ಸಾಫ್ಟ್‌ವೇರ್) ಪ್ರೊಸೆಸರನ್ನು ಹಿಡಿದಿಟ್ಟುಕೊಂಡಿದೆ. ಲೇಟೆನ್ಸಿಮಾನ್ ಅನ್ನುವ ಸಾಫ್ಟ್‌ವೇರ್ ಹಾಕಿ ಸ್ವಲ್ಪ ಹೊತ್ತು ಓಡಲು ಬಿಡಿ. ತಪ್ಪು ಮಾಡುತ್ತಿರುವ ಡ್ರೈವರಿನ ಹೆಸರನ್ನೇ ಅದು ತೋರಿಸುತ್ತದೆ. ನಾನು ನೋಡಿದ ಮಟ್ಟಿಗೆ ವೈಫೈ ಡ್ರೈವರ್ ಮೇಲೆ ಮೊದಲ ಅನುಮಾನ ಇಡಬಹುದು. ವೈಫೈ ಆಫ್ ಮಾಡಿ ಕೇಳಿದರೆ ತಿಳಿಯುತ್ತದೆ. ವಿಂಡೋಸಿನ ಪವರ್ ಪ್ಲಾನಿನಲ್ಲಿ, ಸುಮ್ಮನಿರುವ ಯುಎಸ್‌ಬಿ ಸಾಧನವನ್ನು ಮಲಗಿಸುವ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಅನ್ನು ಬಂದ್ ಮಾಡಿ. ಬೇಸಿಗೆಯಲ್ಲಿ ಮಾತ್ರ ತಡವರಿಸುವ ಕಂಪ್ಯೂಟರ್ ಬಿಚ್ಚಿ ನೋಡಿ, ಫ್ಯಾನಿನ ಹಿಂದೆ ಕೆಂಪು ಧೂಳು ಗಟ್ಟಿ ಕಟ್ಟಿರುತ್ತದೆ. ಬಿಸಿ ಏರಿದಾಗ ಪ್ರೊಸೆಸರ್ ತಾನೇ ವೇಗ ಇಳಿಸಿಕೊಳ್ಳುತ್ತದೆ. ಬ್ಲೋಯರಿನಿಂದ ಊದಿಸಿ, ಊದುವಾಗ ಫ್ಯಾನನ್ನು ಬೆರಳಿನಿಂದ ತಿರುಗದಂತೆ ಹಿಡಿದುಕೊಳ್ಳಿ.

ಹಾಡು ಶುರುವಾಗುವಾಗ ಮೊದಲ ಅಕ್ಷರ ನುಂಗಿದಂತೆ ಆಗುವುದುಂಟು. ಸುಮ್ಮನಿದ್ದ ಡ್ಯಾಕ್ ನಿದ್ದೆಯಿಂದ ಏಳಲು ಸ್ವಲ್ಪ ಹೊತ್ತು ತೆಗೆದುಕೊಳ್ಳುತ್ತದೆ. ಪ್ಲೇಯರಿನಲ್ಲಿ ಆರಂಭಕ್ಕೆ ಅರ್ಧ ಸೆಕೆಂಡು ಮೌನ ಸೇರಿಸುವ ಸೌಲಭ್ಯ ಇದ್ದರೆ ಬಳಸಿ.

ಧ್ವನಿ ಮಾಯ, ಶ್ರುತಿ ಏರು

ಗಾಯಕರ ಧ್ವನಿ ಮಾಯವಾಗಿ ಪಕ್ಕವಾದ್ಯ ಮಾತ್ರ ದೂರದಿಂದ ಕೇಳಿದಂತೆ ಬಂದರೆ ಗಾಬರಿ ಬೇಡ. 3.5 ಎಂಎಂ ಪಿನ್ ಪೂರ್ತಿ ಒಳಗೆ ಕೂತಿಲ್ಲ, ಇಲ್ಲವೇ ಅದರ ಗ್ರೌಂಡ್ ಕಡಿದಿದೆ. ಆಗ ಎಡ ಬಲಗಳ ವ್ಯತ್ಯಾಸ ಮಾತ್ರ ಕೇಳುತ್ತದೆ. ಎರಡೂ ಕಡೆ ಸಮನಾಗಿ ಇರುವ ಗಾಯನ ಅಳಿಸಿಹೋಗುತ್ತದೆ. ಕಿಂಡಿಯೊಳಗಿನ ಧೂಳು ಊದಿ, ಪಿನ್ ಒರೆಸಿ, ಗಟ್ಟಿಯಾಗಿ ಒತ್ತಿ. ಧ್ವನಿ ಇದೆ, ಆದರೆ ಮಧ್ಯದಲ್ಲಿ ನಿಲ್ಲದೆ ಅಲ್ಲಿ ಇಲ್ಲಿ ತೇಲುತ್ತದೆ, ಬೇಸ್ ತೆಳ್ಳಗಿದೆ ಅಂದರೆ ಒಂದು ಸ್ಪೀಕರಿಗೆ ಕೆಂಪು ಕಪ್ಪು ವೈರ್ ತಿರುಗಾಮುರುಗಾ ಆಗಿದೆ.

ಶ್ರುತಿಯ ದೋಷವನ್ನು ಸಂಗೀತ ಕಲಿತವರೇ ಮೊದಲು ಹಿಡಿಯುತ್ತಾರೆ. 44.1 ಕಿಲೋಹರ್ಟ್ಸ್ ಫೈಲನ್ನು ಪರಿವರ್ತನೆ ಮಾಡದೆ 48ರಲ್ಲಿ ಓಡಿಸಿದರೆ ಶ್ರುತಿ ಸುಮಾರು ಒಂದೂವರೆ ಸ್ವರಸ್ಥಾನ ಮೇಲೇರುತ್ತದೆ. 60 ನಿಮಿಷದ ಕಛೇರಿ 55 ನಿಮಿಷಕ್ಕೇ ಮುಗಿಯುತ್ತದೆ. ಹೊತ್ತು ನೋಡಿದರೆ ಸಾಕು, ಗೊತ್ತಾಗುತ್ತದೆ. ವಿಂಡೋಸ್ ತಾನಾಗಿ ಮಾಡುವ ಪರಿವರ್ತನೆಯಲ್ಲಿ ಶ್ರುತಿ ಕೆಡುವುದಿಲ್ಲ. ಕೆಟ್ಟಿದ್ದರೆ ಡ್ರೈವರ್ ಅಥವಾ ಫೈಲು ಮಾಡಿದವರ ಎಡವಟ್ಟು. ಫೂಬಾರ್2000 ಅನ್ನುವ ಪ್ಲೇಯರಿನಲ್ಲಿ ಎಕ್ಸ್‌ಕ್ಲೂಸಿವ್ ಔಟ್‌ಪುಟ್ ಆರಿಸಿದರೆ ವಿಂಡೋಸಿನ ಮಿಕ್ಸರ್ ದಾಟಿ ಹಾಡು ನೇರವಾಗಿ ಡ್ಯಾಕಿಗೆ ಹೋಗುತ್ತದೆ. ಅದರಿಂದ ಸದ್ದು ಆಕಾಶಕ್ಕೇರುತ್ತದೆ ಅಂತ ನಾನು ಹೇಳುವುದಿಲ್ಲ. ಅನುಮಾನಕ್ಕೆ ಇರುವ ಒಂದು ಜಾಗ ಕಡಿಮೆಯಾಗುತ್ತದೆ, ದೋಷ ಹುಡುಕುವಾಗ ಅದೇ ದೊಡ್ಡ ಲಾಭ.

ಬ್ಲೂಟೂತ್‌ನಲ್ಲಿ ಕೇಳುತ್ತಿದ್ದಾಗ ಇದ್ದಕ್ಕಿದ್ದ ಹಾಗೆ ಫೋನ್ ಕರೆಯ ಹಾಗೆ ಆದರೆ ಯಾವುದೋ ಆ್ಯಪ್ ಹೆಡ್‌ಸೆಟ್ಟಿನ ಮೈಕ್ ತೆರೆದಿದೆ. ಆ ಆ್ಯಪ್ ಮುಚ್ಚಿ.

ದೋಷ ಹಾಡಿನೊಳಗೇ ಇದ್ದರೆ

ಫೈಲಿನ ಹೆಸರು ಫ್ಲಾಕ್ ಅಂತಿದೆ, ಆದರೂ ಝಲ್ಲರಿ, ತಾಳದ ಸದ್ದು ಮಂಕು. ಸ್ಪೆಕ್ ಅನ್ನುವ ಸಾಫ್ಟ್‌ವೇರಿನಲ್ಲಿ ತೆರೆದು ನೋಡಿ. ಸುಮಾರು 16 ಕಿಲೋಹರ್ಟ್ಸ್ ಹತ್ತಿರ ಕತ್ತರಿಸಿದ ಹಾಗೆ ನೇರ ಗೆರೆ ಇದ್ದರೆ ಯಾರೋ 128 ಕೆಬಿಪಿಎಸ್ ಎಂಪಿ3ಯನ್ನು ಫ್ಲಾಕ್ ಮಾಡಿದ್ದಾರೆ. ಹೋದದ್ದು ಮತ್ತೆ ಬರುವುದಿಲ್ಲ, ಬೇರೆ ಪ್ರತಿ ಹುಡುಕಿ. ಆದರೆ ಹಳೆಯ ಗ್ರಾಮೊಫೋನ್ ತಟ್ಟೆ, ಕ್ಯಾಸೆಟ್‌ಗಳಿಂದ ಇಳಿಸಿದ್ದರಲ್ಲಿ ಮೇಲಿನ ಸ್ತರ ಸಹಜವಾಗಿಯೇ ಕಡಿಮೆ. ಅಲ್ಲಿ ಗೆರೆ ನೇರವಾಗಿ ಕತ್ತರಿಸಿದಂತೆ ಇರುವುದಿಲ್ಲ, ಮೆಲ್ಲಗೆ ಮಸುಕಾಗುತ್ತಾ ಹೋಗುತ್ತದೆ. ಅವನ್ನು ಅನುಮಾನಿಸಬೇಡಿ.

ನಮ್ಮ ಕಡೆ ಇನ್ನೊಂದು ಬಗೆಯ ಫೈಲುಗಳು ಮನೆಮನೆಯಲ್ಲಿವೆ. ಜಾತ್ರೆಯಲ್ಲಿ ನಡೆದ ಹರಿಕಥೆ, ಭಜನೆ ಮಂಡಳಿಯವರು ಹಾಡಿದ ಕೈವಾರ ತಾತಯ್ಯನವರ ತತ್ವಪದ, ಮೈಕ್ ಸೆಟ್ಟಿನಿಂದ ವೈರ್ ಎಳೆದು ಕ್ಯಾಸೆಟ್ಟಿಗೆ ತುಂಬಿದ್ದು. ಅವುಗಳಲ್ಲಿ ಗುಂಯ್ ರೆಕಾರ್ಡ್ ಮಾಡುವಾಗಲೇ ಸೇರಿಕೊಂಡಿರುತ್ತದೆ. ಗುರುತು ಸುಲಭ. ಹಾಡು ನಿಲ್ಲಿಸಿದರೆ ಗುಂಯ್ ನಿಲ್ಲುತ್ತದೆ, ಬೇರೆ ಹಾಡಿನಲ್ಲಿ ಬರುವುದಿಲ್ಲ. ಇಂಥದ್ದಕ್ಕೆ ಆಂಪ್ಲಿಫೈಯರಿನ ಬೇಸ್ ಇಳಿಸಬೇಡಿ, ಮೃದಂಗವೂ ಇಳಿದುಹೋಗುತ್ತದೆ.

ಆಡಾಸಿಟಿ ಅನ್ನುವ ಸದ್ದು ತಿದ್ದುವ ಸಾಫ್ಟ್‌ವೇರಿನಲ್ಲಿ ಫೈಲಿನ ಒಂದು ನಕಲು ತೆರೆಯಿರಿ. ಹಾಡು ಶುರುವಾಗುವ ಮೊದಲಿನ ಖಾಲಿ ಭಾಗವನ್ನು ಆರಿಸಿ ಸ್ಪೆಕ್ಟ್ರಮ್ ನೋಡಿ. ಗೆರೆ ಸರಿಯಾಗಿ 50, 100ರಲ್ಲೇ ಇಲ್ಲದಿರಬಹುದು. ಕ್ಯಾಸೆಟ್ ಓಡಿದ ವೇಗ ಹೆಚ್ಚು ಕಡಿಮೆ ಆಗಿದ್ದರೆ 52ರಲ್ಲೋ 48ರಲ್ಲೋ ಇರುತ್ತದೆ. ಇದು ಒಳ್ಳೆಯ ಸುಳಿವು. ಗುಂಯ್ 52ರಲ್ಲಿದ್ದರೆ ಹಾಡೂ ಅಷ್ಟೇ ಪಾಲು ವೇಗವಾಗಿ ಓಡುತ್ತಿದೆ. ವೇಗ ಇಳಿಸಿ ಅದನ್ನು 50ಕ್ಕೆ ತನ್ನಿ, ಹಾಡಿದವರ ನಿಜವಾದ ಶ್ರುತಿಯೂ ಹೆಚ್ಚು ಕಡಿಮೆ ಮರಳಿ ಬರುತ್ತದೆ. ರೆಕಾರ್ಡ್ ಮಾಡಿದ ಯಂತ್ರವೇ ತಪ್ಪು ವೇಗದಲ್ಲಿ ಓಡಿದ್ದರೂ ಈ ಲೆಕ್ಕ ಸರಿಹೋಗುತ್ತದೆ, ಯಾಕೆಂದರೆ ಗುಂಯ್ ಮತ್ತು ಹಾಡು ಎರಡೂ ಒಟ್ಟಿಗೆ ದಾಖಲಾದವು.

ಆಮೇಲೆ ನಾಚ್ ಫಿಲ್ಟರನ್ನು (ಹೇಳಿದ ಹರ್ಟ್ಸ್ ಒಂದನ್ನೇ ಕತ್ತರಿಸುವುದು) 50, 100, 150ಕ್ಕೆ ಒಂದೊಂದಾಗಿ ಹಾಕಿ. ಕ್ಯೂ ಬೆಲೆ 30ರ ಆಸುಪಾಸು ಇಟ್ಟರೆ ಕಿರಿದಾದ ಪಟ್ಟಿ ಮಾತ್ರ ಹೋಗುತ್ತದೆ. ನಾಯ್ಸ್ ರಿಡಕ್ಷನ್ ಅನ್ನುವುದನ್ನು ಇಂಥ ರೆಕಾರ್ಡಿಂಗಿಗೆ ಬಳಸಬೇಡಿ. ಖಾಲಿ ಭಾಗದಲ್ಲಿ ತಂಬೂರಿ ಅಥವಾ ಹಾರ್ಮೋನಿಯಂ ಶ್ರುತಿ ಹಿಡಿದಿದ್ದರೆ ಅದು ಅದನ್ನೂ ಗಲಾಟೆ ಅಂತಲೇ ಲೆಕ್ಕ ಹಾಕಿ ಇಡೀ ಹಾಡಿನಿಂದ ತೆಗೆದುಹಾಕುತ್ತದೆ. ಉಳಿಯುವ ಧ್ವನಿ ನೀರೊಳಗಿಂದ ಬಂದಂತೆ ಇರುತ್ತದೆ. ಸರಿಮಾಡಿದ ಫೈಲನ್ನು ಬೇರೆ ಹೆಸರಿನಲ್ಲಿ ಉಳಿಸಿ, ಮೂಲ ಫೈಲನ್ನು ಮುಟ್ಟದೆ ಇನ್ನೊಂದು ಡಿಸ್ಕಿನಲ್ಲಿ ಇಡಿ. ಕ್ಯಾಸೆಟ್ಟನ್ನೂ ಎಸೆಯಬೇಡಿ.